ಮೊದಲ ಡಿಎಸ್‌ಎಲ್‌ಆರ್‌ಗೆ ಎರಡನೇ ಲೆನ್ಸ್

ಕ್ಯಾಮೆರಾ ಅಂಗಡಿಯಲ್ಲಿ ಬಿಲ್ ಬರೆಯುವ ಹೊತ್ತಿಗೆ ಒಂದು ಪ್ರಶ್ನೆ ಬಂದೇ ಬರುತ್ತದೆ: ‘ಜೊತೆಗೊಂದು ಜೂಮ್ ಲೆನ್ಸ್ ಹಾಕಿಬಿಡ್ಲಾ ಸಾರ್? ಕಾಂಬೊ ಆಫರ್ ಇದೆ.’ ಹೊಸ ಕ್ಯಾಮೆರಾದ ಹುರುಪಿನಲ್ಲಿರುವವರಿಗೆ ಬೇಡ ಎನ್ನಲು ಬಾಯೇ ಬರುವುದಿಲ್ಲ. ಆರು ತಿಂಗಳು ಕಳೆಯುವಷ್ಟರಲ್ಲಿ ಆ ಜೂಮ್ ಬೀರು ಸೇರಿರುತ್ತದೆ. ಮಗುವಿನ ಹುಟ್ಟುಹಬ್ಬದ ಫೋಟೊಗಳು ಮಾತ್ರ ಮೊದಲಿನ ಹಾಗೆಯೇ ಮಸುಕಾಗಿ ಬರುತ್ತಿರುತ್ತವೆ.

ಲೆನ್ಸಿಗೆಂದು ತೆಗೆದಿಡಬಹುದಾದ ದುಡ್ಡು ಹತ್ತೋ ಇಪ್ಪತ್ತೋ ಸಾವಿರ ಎಂದಾದರೆ ನನ್ನ ಅಭಿಪ್ರಾಯ ಇಷ್ಟು. ದೂರದ್ದನ್ನು ಹತ್ತಿರ ತೋರಿಸುವ ಟೆಲಿ ಲೆನ್ಸಿಗಿಂತ ಮೊದಲು, ಹೆಚ್ಚು ಬೆಳಕು ಒಳಗೆ ಬಿಡುವ ಲೆನ್ಸಿಗೆ ಹಣ ಹಾಕಿ. ಅದಕ್ಕೂ ಮೊದಲು, ಏನೂ ಕೊಳ್ಳದೆ ಒಂದೆರಡು ತಿಂಗಳು ಬಾಕ್ಸಿನಲ್ಲಿ ಬಂದ ಲೆನ್ಸಿನಲ್ಲೇ ಫೋಟೊ ತೆಗೆಯಿರಿ.

ಆ 18-55 ಎಂಎಂ ಕಿಟ್ ಲೆನ್ಸನ್ನು ಹೀಗಳೆಯುವುದು ಫೋಟೊ ಮಂದಿಯ ಹಳೆಯ ಚಟ. ಪ್ಲಾಸ್ಟಿಕ್ಕು, ಅಗ್ಗದ್ದು, ಕತ್ತಲಲ್ಲಿ ಒದ್ದಾಡುತ್ತದೆ ಎನ್ನುವುದೆಲ್ಲ ನಿಜವೇ. ಆದರೆ ಬೆಳಗಿನ ಬಿಸಿಲಿನಲ್ಲಿ ಎಫ್/8ಕ್ಕೆ ಇಟ್ಟು ತೆಗೆದ ಫೋಟೊವನ್ನು ಮಾಮೂಲಿ ಆಲ್ಬಂ ಗಾತ್ರದಲ್ಲಿ ಪ್ರಿಂಟ್ ಹಾಕಿಸಿ, ಅದರ ಹಲವು ಪಟ್ಟು ಬೆಲೆಯ ಲೆನ್ಸಿನ ಫೋಟೊದ ಪಕ್ಕ ಇಟ್ಟರೆ ಯಾವುದು ಯಾವುದೆಂದು ಹೇಳಬಲ್ಲವರು ಕಡಿಮೆ. ಕ್ಯಾನನ್‌ನ ಎಸ್‌ಟಿಎಂ ಮತ್ತು ನಿಕಾನ್‌ನ ಎಎಫ್-ಪಿ ಮಾದರಿಯ ಕಿಟ್ ಲೆನ್ಸ್‌ಗಳು ಫೋಕಸ್‌ನಲ್ಲಿ ಚುರುಕು, ಸದ್ದೂ ಇಲ್ಲ. ಕೊಳ್ಳುವಾಗ ನೋಡಿಕೊಳ್ಳಬೇಕಾದದ್ದು ಒಂದೇ ಒಂದು. ಲೆನ್ಸಿನ ಮೇಲೆ ಕ್ಯಾನನ್ ಆದರೆ ‘ಐಎಸ್’, ನಿಕಾನ್ ಆದರೆ ‘ವಿಆರ್’ ಎಂಬ ಅಕ್ಷರಗಳು ಇರಬೇಕು. ಕೈ ಅಲುಗಾಟವನ್ನು ತಡೆಯುವ ವ್ಯವಸ್ಥೆ ಅದು. ಅದಿಲ್ಲದ 18-55ಗಳೂ ಮಾರುಕಟ್ಟೆಯಲ್ಲಿವೆ, ನೋಡಲು ಒಂದೇ ಥರ.

ನಿಮ್ಮ ಫೋಟೊಗಳನ್ನೇ ಕೇಳಿ

ಯಾವ ಲೆನ್ಸ್ ಬೇಕು ಎಂದು ಗೆಳೆಯರನ್ನು ಕೇಳಿದರೆ ಅವರು ತಮಗೆ ಬೇಕಾದದ್ದನ್ನು ಹೇಳುತ್ತಾರೆ. ನಿಮಗೆ ಬೇಕಾದದ್ದು ನೀವು ತೆಗೆದ ಫೋಟೊಗಳ ಒಳಗೇ ಬರೆದಿದೆ. ಪ್ರತಿ ಡಿಜಿಟಲ್ ಫೋಟೊದ ಜೊತೆ ಅದನ್ನು ಎಷ್ಟು ಎಂಎಂನಲ್ಲಿ, ಯಾವ ಅಪರ್ಚರ್‌ನಲ್ಲಿ, ಎಷ್ಟು ಶಟರ್ ಸ್ಪೀಡ್ ಮತ್ತು ಐಎಸ್‌ಒದಲ್ಲಿ ತೆಗೆದದ್ದು ಎಂಬುದು ದಾಖಲಾಗಿರುತ್ತದೆ. ವಿಂಡೋಸ್ ಕಂಪ್ಯೂಟರಿನಲ್ಲಿ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಪ್ರಾಪರ್ಟೀಸ್’ನ ‘ಡೀಟೇಲ್ಸ್’ಗೆ ಹೋದರೆ ಎಲ್ಲ ಕಾಣುತ್ತದೆ.

ಎರಡು ತಿಂಗಳ ಫೋಟೊಗಳಲ್ಲಿ ನಿಮಗೆ ಇಷ್ಟವಾದವನ್ನು ಒಂದು ಫೋಲ್ಡರಿಗೆ, ಕೆಟ್ಟು ಹೋದದ್ದಕ್ಕೆ ಬೇಜಾರಾದವನ್ನು ಇನ್ನೊಂದಕ್ಕೆ ಹಾಕಿ ಈ ಅಂಕಿಗಳನ್ನು ನೋಡುತ್ತಾ ಹೋಗಿ. ಎರಡನೆಯ ಫೋಲ್ಡರ್ ಹೆಚ್ಚು ಮುಖ್ಯ. ಬೇಜಾರಾದ ಫೋಟೊಗಳೆಲ್ಲ ಸಂಜೆಯ ಮೇಲಿನವು, ಐಎಸ್‌ಒ 3200 ದಾಟಿದೆ, ಶಟರ್ 1/30ಕ್ಕೆ ಇಳಿದಿದೆ ಎಂದಾದರೆ ನಿಮ್ಮ ಕೊರತೆ ಬೆಳಕಿನದು. ಹಗಲಿನವೇ ಆದರೂ ಎಲ್ಲವೂ 55 ಎಂಎಂನಲ್ಲಿವೆ, ಹಕ್ಕಿ ಮಾತ್ರ ಚುಕ್ಕೆಯಷ್ಟಿದೆ ಎಂದಾದರೆ ಟೆಲಿ ಬೇಕು. ಎಲ್ಲವೂ 18ರಲ್ಲಿವೆ, ಗೋಪುರದ ತುದಿ ಕತ್ತರಿಸಿ ಹೋಗಿದೆ ಎಂದಾದರೆ ವೈಡ್ ಕಡೆ ಯೋಚಿಸಬಹುದು. ಮನೆ ಮಂದಿ, ಮಕ್ಕಳು, ಮದುವೆ, ಊರ ಜಾತ್ರೆ ತೆಗೆಯುವ ಬಹುತೇಕರ ಉತ್ತರ ಮೊದಲನೆಯದೇ ಆಗಿರುತ್ತದೆ.

ಎಫ್ ಅಂಕಿಯ ಲೆಕ್ಕ

ಲೆನ್ಸಿನ ಮೇಲಿನ ‘ಎಫ್’ ಅಂಕಿ ಚಿಕ್ಕದಾದಷ್ಟೂ ಅಪರ್ಚರ್‌ನ ತೂತು ದೊಡ್ಡದು, ಒಳಗೆ ಬರುವ ಬೆಳಕು ಹೆಚ್ಚು. ಇದು ಎಲ್ಲರಿಗೂ ಗೊತ್ತಿರುವ ಮಾತು. ಎಷ್ಟು ಹೆಚ್ಚು ಎಂಬುದನ್ನು ಲೆಕ್ಕ ಹಾಕುವವರು ಕಡಿಮೆ. ಬೆಳಕು ಈ ಅಂಕಿಯ ವರ್ಗಕ್ಕೆ ಅನುಸಾರವಾಗಿ ಬದಲಾಗುತ್ತದೆ. ಕಿಟ್ ಲೆನ್ಸನ್ನು 55ಕ್ಕೆ ತಿರುಗಿಸಿದಾಗ ಅದರ ಮಿತಿ ಎಫ್/5.6. ಅದರ ಬದಲು 50 ಎಂಎಂ ಎಫ್/1.8 ಲೆನ್ಸ್ ಹಾಕಿದರೆ ಹೆಚ್ಚುಕಡಿಮೆ ಹತ್ತು ಪಟ್ಟು ಬೆಳಕು ಸಿಗುತ್ತದೆ.

ಯಕ್ಷಗಾನದ ಆಟಕ್ಕೆ ಹೋಗಿದ್ದೀರಿ ಎಂದುಕೊಳ್ಳಿ. ರಂಗಸ್ಥಳದ ದೀಪದಲ್ಲಿ ಐಎಸ್‌ಒ 3200 ಇಟ್ಟರೂ ಕಿಟ್ ಲೆನ್ಸ್ 1/30 ಸೆಕೆಂಡಿಗಿಂತ ಮೇಲೆ ಏರುತ್ತಿಲ್ಲ. ಸುಮ್ಮನೆ ನಿಂತ ವೇಷಧಾರಿಗೆ ಅಷ್ಟು ಸಾಕು, ಧಿಗಿಣ ಹಾಕುವ ಪುಂಡುವೇಷಕ್ಕೆ ಸಾಲದು. ಕೈಕಾಲು ಮಂಜಿನಲ್ಲಿ ಕರಗಿದಂತೆ ಬರುತ್ತವೆ. ಅದೇ ಜಾಗದಲ್ಲಿ, ಅದೇ ಐಎಸ್‌ಒದಲ್ಲಿ ಎಫ್/1.8 ನಿಮ್ಮನ್ನು 1/320ರ ಹತ್ತಿರ ಒಯ್ಯುತ್ತದೆ. ಕುಣಿತ ನಿಲ್ಲುತ್ತದೆ, ಗೆಜ್ಜೆಯೂ ಕಾಣುತ್ತದೆ. ಫ್ಲಾಶ್ ಹೊಡೆದರಾಯಿತಲ್ಲ ಎನ್ನುವವರಿಗೆ ಒಂದು ಮಾತು: ಎದುರಿನಿಂದ ಫ್ಲಾಶ್ ಬಿದ್ದರೆ ಕಲಾವಿದರ ಕಣ್ಣಿಗೆ ತೊಂದರೆ, ಪ್ರೇಕ್ಷಕರಿಗೆ ಕಿರಿಕಿರಿ, ಬಣ್ಣಗಾರಿಕೆಯ ಕೆಂಪು ಹಳದಿಗಳೂ ಸುಣ್ಣ ಬಳಿದ ಹಾಗೆ ಸಪ್ಪೆಯಾಗುತ್ತವೆ.

ಇಲ್ಲೇ ಇನ್ನೊಂದು ಗೊಂದಲವನ್ನೂ ಬಿಡಿಸಿಕೊಳ್ಳಬೇಕು. ‘ನನ್ನ ಲೆನ್ಸಿನಲ್ಲಿ ಐಎಸ್ ಇದೆ, ಕತ್ತಲಾದರೇನು?’ ಎಂದು ಕೇಳುವವರಿದ್ದಾರೆ. ಐಎಸ್ ಆಗಲಿ ವಿಆರ್ ಆಗಲಿ, ಸಿಗ್ಮಾದ ಓಎಸ್, ಟಾಮ್ರಾನ್‌ನ ವಿಸಿ ಆಗಲಿ ತಡೆಯುವುದು ನಿಮ್ಮ ಕೈಯ ನಡುಕವನ್ನು. ಎದುರಿಗಿರುವವರ ಓಡಾಟ ತಡೆಯುವ ಶಕ್ತಿ ಅವಕ್ಕಿಲ್ಲ. ಬೇಲೂರಿನ ನವರಂಗದ ಕಂಬಗಳು ಅಲುಗಾಡುವುದಿಲ್ಲ. ಅಲ್ಲಿ ಐಎಸ್ ಇರುವ ಕಿಟ್ ಲೆನ್ಸಿನಲ್ಲಿ, ಉಸಿರು ಹಿಡಿದು 1/10 ಸೆಕೆಂಡಿಗೆ ತೆಗೆದರೂ ಕೆತ್ತನೆ ಚೂಪಾಗಿ ಬರುತ್ತದೆ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಅನುಮತಿ ಇಲ್ಲದೆ ಟ್ರೈಪಾಡ್ ಬಿಡಿಸುವಂತಿಲ್ಲವಾದ್ದರಿಂದ ಈ ಐಎಸ್ ಅಲ್ಲಿ ದೊಡ್ಡ ಉಪಕಾರಿ. ಮೂರು ವರ್ಷದ ಮಗು ಕಂಬವಲ್ಲವಲ್ಲ! ಚಲಿಸುವುದನ್ನು ಹಿಡಿಯಬೇಕೆಂದರೆ ಅಪರ್ಚರ್, ನಿಂತದ್ದನ್ನು ಹಿಡಿಯಬೇಕೆಂದರೆ ಐಎಸ್. ದುಡ್ಡು ಹಾಕುವಾಗ ನೀವು ತೆಗೆಯುವುದು ಎರಡರಲ್ಲಿ ಯಾವುದನ್ನು ಹೆಚ್ಚು ಎಂದು ನೋಡಿಕೊಂಡರೆ ಅರ್ಧ ನಿರ್ಧಾರ ಮುಗಿದಂತೆ.

50 ಬೇಕೋ 35 ಬೇಕೋ

ಜೂಮ್ ಇಲ್ಲದ, ಒಂದೇ ಫೋಕಲ್ ಲೆಂಗ್ತಿನ ಲೆನ್ಸಿಗೆ ಪ್ರೈಮ್ ಎನ್ನುತ್ತಾರೆ. ಎಫ್/1.8 ಅಗ್ಗಕ್ಕೆ ಸಿಗುವುದು ಪ್ರೈಮ್‌ನಲ್ಲೇ. ಕ್ಯಾನನ್‌ನ ಇಎಫ್ 50 ಎಂಎಂ ಎಫ್/1.8 ಎಸ್‌ಟಿಎಂ 2015ರಲ್ಲಿ ಬಂತು; ಹೊಸದೇ ಹತ್ತು ಸಾವಿರ ರೂಪಾಯಿ ಆಸುಪಾಸಿನದು, ತೂಕ 160 ಗ್ರಾಂ. ಅದಕ್ಕಿಂತ ಮೊದಲಿನ, 1990ರ ‘II’ ಮಾದರಿ ಸೆಕೆಂಡ್ ಹ್ಯಾಂಡ್‌ನಲ್ಲಿ ಇನ್ನೂ ಅಗ್ಗ. ಆದರೆ ಅದರ ಮೌಂಟ್ ಪ್ಲಾಸ್ಟಿಕ್, ಫೋಕಸ್ ಮಾಡುವಾಗ ಗರ್ ಎನ್ನುತ್ತದೆ, 45 ಸೆಂಟಿಮೀಟರಿಗಿಂತ ಹತ್ತಿರ ಹೋಗಲಾಗದು. ಎಸ್‌ಟಿಎಂಗೆ ಲೋಹದ ಮೌಂಟ್ ಇದೆ, 35 ಸೆಂಟಿಮೀಟರಿನವರೆಗೆ ಹೋಗಬಹುದು. ಬೆಲೆಯ ವ್ಯತ್ಯಾಸ ತೀರಾ ದೊಡ್ಡದಲ್ಲದಿದ್ದರೆ ಎಸ್‌ಟಿಎಂಗೇ ಹೋಗಿ.

ಆದರೆ 50 ಎಂಬ ಅಂಕಿಯಲ್ಲಿ ಒಂದು ಒಳಸುಳಿ ಇದೆ. ಕಡಿಮೆ ಬೆಲೆಯ ಡಿಎಸ್‌ಎಲ್‌ಆರ್‌ಗಳ ಸೆನ್ಸರ್ ಹಳೆಯ ಫಿಲ್ಮಿನ 36×24 ಮಿಲಿಮೀಟರ್ ಚೌಕಟ್ಟಿಗಿಂತ ಚಿಕ್ಕದು. ಲೆನ್ಸ್ ಕಂಡದ್ದರ ನಡುಭಾಗವನ್ನು ಮಾತ್ರ ಅದು ಹಿಡಿಯುತ್ತದೆ, ಅದಕ್ಕೇ ಇವನ್ನು ಕ್ರಾಪ್ ಬಾಡಿ ಎನ್ನುತ್ತಾರೆ. ಹಾಗಾಗಿ ಕ್ಯಾನನ್‌ನಲ್ಲಿ 1.6ರಿಂದ, ನಿಕಾನ್‌ನಲ್ಲಿ 1.5ರಿಂದ ಗುಣಿಸಿ ನೋಡಬೇಕು. 50 ಎಂಎಂ ಕ್ಯಾನನ್ ಕ್ರಾಪ್ ಬಾಡಿಯಲ್ಲಿ 80ರಂತೆ ಕಾಣುತ್ತದೆ. ಒಬ್ಬರ ಮುಖ, ಎದೆಮಟ್ಟದ ಚಿತ್ರಕ್ಕೆ ಇದು ಬಹಳ ಚೆಂದ. ಹತ್ತು ಹನ್ನೆರಡು ಅಡಿಯ ನಡುಮನೆಯಲ್ಲಿ ತೊಟ್ಟಿಲ ಸುತ್ತ ನಿಂತ ಆರು ಜನರನ್ನು ಹಿಡಿಯಲು ಹೋದರೆ ನಿಮ್ಮ ಬೆನ್ನು ಗೋಡೆಗೆ ತಾಗುತ್ತದೆ, ಅತ್ತೆಯವರ ಅರ್ಧ ಮುಖ ಹೊರಗೇ ಉಳಿಯುತ್ತದೆ.

ನಿಕಾನ್ ಕ್ರಾಪ್ ಬಾಡಿ ಇರುವವರಿಗೆ ಉತ್ತರ ಸುಲಭ. 2009ರಲ್ಲಿ ಬಂದ ಎಎಫ್-ಎಸ್ ಡಿಎಕ್ಸ್ 35 ಎಂಎಂ ಎಫ್/1.8ಜಿ ಅವರಿಗೆಂದೇ ಮಾಡಿದ್ದು. 52ರಂತೆ ಕಾಣುತ್ತದೆ, ಮನೆಯ ಒಳಗೂ ಆಗುತ್ತದೆ, ಬೀದಿಯಲ್ಲೂ ಆಗುತ್ತದೆ. ಕ್ಯಾನನ್‌ನವರಿಗೆ ಇದಕ್ಕೆ ಸರಿಸಾಟಿಯಾದ ಅಗ್ಗದ ಲೆನ್ಸ್ ಇಲ್ಲದಿರುವುದು ಬೇಸರದ ಸಂಗತಿ. ಇಎಫ್-ಎಸ್ 24 ಎಂಎಂ ಎಫ್/2.8 ಎಸ್‌ಟಿಎಂ ಚಪ್ಪಟೆಯಾಗಿ, ಜೇಬಿನಲ್ಲಿ ಹಿಡಿಯುವಷ್ಟು ಚಿಕ್ಕದಾಗಿ ಮುದ್ದಾಗಿದೆ. ಬೆಳಕು ಮಾತ್ರ ಎಫ್/1.8ರ ಅರ್ಧಕ್ಕಿಂತ ಕಡಿಮೆ. ಯಂಗ್‌ನುವೊ ಕಂಪನಿಯ 35 ಎಂಎಂ ಎಫ್/2 ಅಗ್ಗ, ಆದರೆ ಫೋಕಸ್ ಸದ್ದು ಮಾಡುತ್ತದೆ.

ತಲೆ ಕೆಡಿಸಿಕೊಳ್ಳುವ ಬದಲು ಕಾಸಿಲ್ಲದ ಪರೀಕ್ಷೆಯೊಂದಿದೆ. ಕಿಟ್ ಲೆನ್ಸಿನ ಜೂಮ್ ರಿಂಗನ್ನು 35ಕ್ಕೆ ತಂದು ಮೇಲೊಂದು ಸೆಲೊ ಟೇಪ್ ಅಂಟಿಸಿ ಒಂದು ವಾರ ತೆಗೆಯಿರಿ. ಮುಂದಿನ ವಾರ 50ಕ್ಕೆ ತಂದು ಅಂಟಿಸಿ. ಯಾವ ವಾರ ಹೆಚ್ಚು ಗೊಣಗಿದಿರೋ ಆ ಲೆನ್ಸ್ ನಿಮ್ಮದಲ್ಲ.

ಎಫ್/1.8 ಕೈಗೆ ಬಂದ ಮೊದಲ ದಿನಗಳಲ್ಲಿ ಎಲ್ಲರೂ ಅದನ್ನು 1.8ರಲ್ಲೇ ಇಟ್ಟು ಹಿನ್ನೆಲೆಯನ್ನು ಬೆಣ್ಣೆಯಂತೆ ಕರಗಿಸುತ್ತಾರೆ. ಕರಗಿಸಲಿ, ಆದರೆ 50 ಎಂಎಂನಲ್ಲಿ ಒಂದೂವರೆ ಮೀಟರ್ ದೂರದಿಂದ ಮುಖ ತೆಗೆದರೆ ಚೂಪಾಗಿ ಬರುವ ಆಳ ಸುಮಾರು ಆರು ಸೆಂಟಿಮೀಟರ್ ಅಷ್ಟೇ. ಕಣ್ಣು ಸರಿ ಇದ್ದರೆ ಕಿವಿಯ ಓಲೆ ಮಸುಕು. ಇಬ್ಬರು ಒಟ್ಟಿಗೆ ಕೂತಿದ್ದರೆ ಒಬ್ಬರು ಹೋದಂತೆಯೇ. ಎಫ್/2.8ಕ್ಕೆ ಇಳಿಸಿದರೆ ಲೆನ್ಸ್ ಇನ್ನಷ್ಟು ಚೂಪಾಗುತ್ತದೆ, ಬೆಳಕು ಆಗಲೂ ಕಿಟ್‌ನ 5.6ಕ್ಕಿಂತ ನಾಲ್ಕು ಪಟ್ಟು ಇರುತ್ತದೆ.

ನಿಕಾನ್ ಬಳಕೆದಾರರಿಗೆ ಒಂದು ಎಚ್ಚರಿಕೆ. ನಿಕಾನ್ ಎಫ್ ಮೌಂಟ್ 1959ರಿಂದ ಇರುವುದರಿಂದ ಹಳೆಯ ಲೆನ್ಸ್‌ಗಳು ಬೇಕಾದಷ್ಟು ಸಿಗುತ್ತವೆ, ಬೆಲೆಯೂ ಆಸೆ ಹುಟ್ಟಿಸುತ್ತದೆ. ಆದರೆ ಡಿ3500, ಡಿ5600ರಂಥ ಬಾಡಿಗಳ ಒಳಗೆ ಫೋಕಸ್ ಮೋಟಾರ್ ಇಲ್ಲ. ‘ಎಎಫ್’ ಎಂದು ಮಾತ್ರ ಬರೆದಿರುವ 50 ಎಂಎಂ ಎಫ್/1.8ಡಿಯಂಥ ಲೆನ್ಸ್ ಅವುಗಳಲ್ಲಿ ಕೂರುತ್ತದೆ, ತಾನಾಗಿ ಫೋಕಸ್ ಮಾಡುವುದಿಲ್ಲ. ಕೈಯಿಂದ ತಿರುಗಿಸಬೇಕು. ‘ಎಎಫ್-ಎಸ್’ ಎಂದಿದ್ದರೆ ಮೋಟಾರ್ ಲೆನ್ಸಿನೊಳಗೇ ಇದೆ ಎಂದರ್ಥ. ‘ಎಎಫ್-ಪಿ’ ಲೆನ್ಸ್‌ಗಳ ತಾಪತ್ರಯ ಇದಕ್ಕೆ ಉಲ್ಟಾ: ಅವು ಹೊಸ ಬಾಡಿಗಳಿಗೆ ಸರಿ, ಡಿ3100, ಡಿ90ರಂಥ ಹಳೆಯವುಗಳಲ್ಲಿ ಫೋಕಸ್ ಆಗುವುದಿಲ್ಲ. ಕ್ಯಾನನ್‌ನವರಿಗೆ ಈ ತಲೆನೋವಿಲ್ಲ, 1987ರಿಂದ ಬಂದ ಇಎಫ್ ಆಟೋಫೋಕಸ್ ಲೆನ್ಸ್‌ಗಳಿಗೆಲ್ಲ ಒಳಗೇ ಮೋಟಾರ್ ಇದೆ.

ಹಕ್ಕಿಯ ಆಸೆ

ತೇಜಸ್ವಿಯವರ ಹಕ್ಕಿಗಳ ಬರಹ ಓದಿ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡವರು ನಮ್ಮಲ್ಲಿ ಕಡಿಮೆಯಿಲ್ಲ. ಅಂಥವರಿಗೆ ಬೆಳಕಿನ ಪಾಠ ಹೇಳಿ ಟೆಲಿ ಬೇಡ ಎಂದರೆ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಕಡಿಮೆ ದುಡ್ಡಿಗೆ ಸರಿಯಾದ ಟೆಲಿ ಆರಿಸಿಕೊಂಡರೆ ಸಾಕು.

ಕ್ಯಾನನ್‌ನಲ್ಲಿ ಅದು 2013ರ ಇಎಫ್-ಎಸ್ 55-250 ಎಂಎಂ ಐಎಸ್ ಎಸ್‌ಟಿಎಂ. ಅಂಗಡಿಯವರು ಇದರ ಬದಲು ‘300ರವರೆಗೆ ಹೋಗುತ್ತೆ ಸಾರ್’ ಎಂದು 75-300 III ತೋರಿಸಬಹುದು. 50 ಎಂಎಂ ಹೆಚ್ಚು ಎಂದು ಮರುಳಾಗಬೇಡಿ. ಅದರಲ್ಲಿ ಐಎಸ್ ಇಲ್ಲ, 300ರ ತುದಿಯಲ್ಲಿ ಚಿತ್ರ ಮೆತ್ತಗಾಗುತ್ತದೆ. ಕೈ ಅಲುಗಾಟ ತಪ್ಪಿಸಲು ಶಟರ್ ಸ್ಪೀಡ್ ಲೆನ್ಸಿನ ಎಂಎಂಗಿಂತ ಕಡಿಮೆ ಇರಬಾರದು ಎಂಬ ಹಳೆಯ ಲೆಕ್ಕವನ್ನು ಕ್ರಾಪ್ ಸೇರಿಸಿ ಹಾಕಿದರೆ 300 ಎಂಎಂಗೆ 1/500ರ ಹತ್ತಿರ ಬೇಕು. ಮಲೆನಾಡಿನ ಮಳೆಗಾಲದ ಮಂಕು ಬೆಳಕಿನಲ್ಲಿ ಅಷ್ಟು ಸಿಗುವುದು ಕಷ್ಟ. ನಿಕಾನ್‌ನಲ್ಲಿ ಎಎಫ್-ಪಿ ಡಿಎಕ್ಸ್ 70-300 ಇದೆ. ಅದು ವಿಆರ್ ಇರುವುದೂ ಇಲ್ಲದ್ದೂ ಎರಡು ಬಗೆಯಲ್ಲಿ ಬಂದಿರುವುದರಿಂದ ಹೆಸರನ್ನು ಪೂರ್ತಿ ಓದಿ ಕೊಳ್ಳಿ. ಟಾಮ್ರಾನ್ 70-300ರಲ್ಲೂ ಹಾಗೆಯೇ, ವಿಸಿ ಇಲ್ಲದ ಅಗ್ಗದ್ದು ಬೇರೆ, ವಿಸಿ ಇರುವುದು ಬೇರೆ.

250 ಎಂಎಂ ಕ್ಯಾನನ್ ಕ್ರಾಪ್ ಬಾಡಿಯಲ್ಲಿ 400ರಂತೆ ಕಾಣುತ್ತದೆ. ರಂಗನತಿಟ್ಟಿನ ದೋಣಿಯಿಂದ ಕೊಕ್ಕರೆ, ಚಮಚಕೊಕ್ಕುಗಳ ಗೂಡು ತೆಗೆಯಲು ಇದು ಧಾರಾಳ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ, ಅಲ್ಲಿಗೆ ಇನ್ನೂ ಕಡಿಮೆ ಸಾಕು. ಹಾರುವ ಹಕ್ಕಿಗೆ ಮಾತ್ರ 1/1000 ಅಥವಾ ಅದಕ್ಕೂ ಮೇಲಿನ ಶಟರ್ ಇಡಿ. ಹಿತ್ತಿಲಿನ ಪಿಕಳಾರ, ಸೂರಕ್ಕಿಗಳಿಗೆ ಲೆನ್ಸಿನ ಉದ್ದಕ್ಕಿಂತ ನೀವು ಅಲುಗಾಡದೆ ಕೂರುವ ತಾಳ್ಮೆ ಹೆಚ್ಚು ಕೆಲಸ ಮಾಡುತ್ತದೆ.

ಕಬಿನಿಯ ಚಿರತೆ, ಬಂಡೀಪುರದ ಹುಲಿಗೆ ಇದು ಸಾಲದು. ಅದಕ್ಕೆ ಟಾಮ್ರಾನ್ ಮತ್ತು ಸಿಗ್ಮಾದ 150-600, ನಿಕಾನ್‌ನ 200-500 ಎಫ್/5.6 ಇವೆ, ಬೆಲೆ ನಿಮ್ಮ ಕ್ಯಾಮೆರಾಕ್ಕಿಂತ ಹೆಚ್ಚು. ವರ್ಷಕ್ಕೊಮ್ಮೆ ಸಫಾರಿಗೆ ಹೋಗುವವರು ಇದನ್ನು ಕೊಳ್ಳುವುದರಲ್ಲಿ ಅರ್ಥವಿಲ್ಲ. ಬೆಂಗಳೂರಿನಲ್ಲಿ ದಿನದ ಲೆಕ್ಕದಲ್ಲಿ ಲೆನ್ಸ್ ಬಾಡಿಗೆಗೆ ಕೊಡುವವರಿದ್ದಾರೆ. ಗುರುತಿನ ಚೀಟಿ, ಠೇವಣಿ ಕೊಟ್ಟು ತರಬಹುದು. ಕೆಲವು ಅಭಯಾರಣ್ಯಗಳಲ್ಲಿ ಲೆನ್ಸಿನ ಉದ್ದ ನೋಡಿ ಕ್ಯಾಮೆರಾ ಶುಲ್ಕ ಹಾಕುತ್ತಾರೆ, ಹೊರಡುವ ಮೊದಲೇ ವಿಚಾರಿಸಿ.

18-200, 18-300, 18-400 ಎಂದು ಎಲ್ಲವನ್ನೂ ಒಂದರಲ್ಲೇ ಕೊಡುವ ಜೂಮ್‌ಗಳಿವೆ. ಲೆನ್ಸ್ ಬದಲಿಸುವ ರಗಳೆ ಬೇಡವೆನ್ನುವ ಪ್ರವಾಸಿಗರಿಗೆ ಅನುಕೂಲ, ಒಪ್ಪುತ್ತೇನೆ. ಕಿಟ್‌ಗಿಂತ ಹೆಚ್ಚು ಬೆಳಕು ಕೊಡುವುದಿಲ್ಲ, ಬೆಲೆ ಜಾಸ್ತಿ, ತೂಕ ಜಾಸ್ತಿ. ಕೈ ಬಿಗಿ ಇರುವಾಗ ಅದು ಬೇಡ.

ವೈಡ್ ಬೇಕೆನ್ನುವವರಿಗೆ ಕ್ಯಾನನ್‌ನ 10-18, ನಿಕಾನ್‌ನ 10-20 ಅಗ್ಗದವು, ಎರಡರಲ್ಲೂ ಅಲುಗಾಟ ತಡೆ ಇದೆ. ಆದರೆ ಹಂಪಿಯ ಕಲ್ಲಿನ ರಥಕ್ಕೆ ಹಿಂದೆ ಸರಿಯಲು ಜಾಗವಿದೆ, 18 ಎಂಎಂ ಸಾಕು. ಇಕ್ಕಟ್ಟಿನ ಕಡೆ ಕ್ಯಾಮೆರಾ ಅಡ್ಡಡ್ಡ ತಿರುಗಿಸುತ್ತಾ ನಾಲ್ಕೈದು ಫೋಟೊ ತೆಗೆದು ಕಂಪ್ಯೂಟರಿನಲ್ಲಿ ಜೋಡಿಸಿ ನೋಡಿ, ಅದರಲ್ಲೂ ಸಮಾಧಾನವಾಗದಿದ್ದರೆ ಕೊಳ್ಳಿ. ಹೂವು, ಜೇಡ, ಮಿಡತೆಗೆ ನಿಜವಾದ ಮ್ಯಾಕ್ರೊ ಲೆನ್ಸ್ ದುಬಾರಿ. 55-250ರ ಮುಂದೆ ಸಿಕ್ಕಿಸುವ ರೇನಾಕ್ಸ್ ಡಿಸಿಆರ್-250ಯಂಥ ಕ್ಲೋಸ್‌ಅಪ್ ಗಾಜು, ಇಲ್ಲವೇ ಬಾಡಿ ಮತ್ತು ಲೆನ್ಸಿನ ನಡುವೆ ಹಾಕುವ ಎಕ್ಸ್‌ಟೆನ್ಶನ್ ಟ್ಯೂಬ್ ಸ್ವಲ್ಪದರಲ್ಲೇ ಮುಗಿಸುತ್ತದೆ. ಟ್ಯೂಬ್ ಕೊಳ್ಳುವಾಗ ವಿದ್ಯುತ್ ಕಾಂಟ್ಯಾಕ್ಟ್ ಪಿನ್ನುಗಳಿರುವುದನ್ನೇ ಕೊಳ್ಳಿ, ಇಲ್ಲದಿದ್ದರೆ ಅಪರ್ಚರ್ ಬದಲಿಸಲಾಗದು.

ಸೆಕೆಂಡ್ ಹ್ಯಾಂಡ್ ಕಾಲ

ಕ್ಯಾನನ್ ಆರ್‌ಎಫ್ ಮೌಂಟ್, ನಿಕಾನ್ ಝಡ್ ಮೌಂಟ್ ಎರಡೂ ಬಂದದ್ದು 2018ರಲ್ಲಿ. ಅಲ್ಲಿಂದ ಎರಡೂ ಕಂಪನಿಗಳ ಗಮನ ಮಿರರ್‌ಲೆಸ್ ಕಡೆಗೆ ತಿರುಗಿತು. ಅತ್ತ ಹೋದವರು ತಮ್ಮ ಡಿಎಸ್‌ಎಲ್‌ಆರ್ ಲೆನ್ಸ್‌ಗಳನ್ನು ಮಾರುತ್ತಿದ್ದಾರೆ. ಮಾರುವವರಿಗೆ ನಷ್ಟ, ಕೊಳ್ಳುವವರಿಗೆ ಸುಗ್ಗಿ. ನಾಳೆ ನೀವೂ ಆ ಕಡೆ ಹೋದರೆ ಈ ಲೆನ್ಸ್‌ಗಳು ದಂಡವಾಗುವುದಿಲ್ಲ: ಕ್ಯಾನನ್‌ನ ಅಡಾಪ್ಟರ್ ಹಾಕಿದರೆ ಇಎಫ್, ಇಎಫ್-ಎಸ್ ಎರಡೂ ಕೆಲಸ ಮಾಡುತ್ತವೆ, ನಿಕಾನ್‌ನ ಎಫ್‌ಟಿಝಡ್‌ನಲ್ಲಿ ಎಎಫ್-ಎಸ್ ಲೆನ್ಸ್‌ಗಳು ನಡೆಯುತ್ತವೆ. ಆ ಅಡಾಪ್ಟರಿನಲ್ಲೂ ಮೋಟಾರ್ ಇಲ್ಲದ ಕಾರಣ ಹಳೆಯ ಎಎಫ್-ಡಿ ಲೆನ್ಸ್‌ಗಳು ಅಲ್ಲೂ ಕೈಯಿಂದಲೇ. ಈ ಹೊತ್ತಿನಲ್ಲಿ ಡಿಎಸ್‌ಎಲ್‌ಆರ್‌ಗೆ ದುಬಾರಿ ಹೊಸ ಲೆನ್ಸ್ ಕೊಳ್ಳುವುದು ಜಾಣತನವಲ್ಲ ಎಂದೇ ನನಗನಿಸುತ್ತದೆ. ಇಪ್ಪತ್ತು ಸಾವಿರ ಇದ್ದರೆ ಎಫ್/1.8 ಪ್ರೈಮ್ ಹೊಸದು, ಟೆಲಿ ಸೆಕೆಂಡ್ ಹ್ಯಾಂಡ್ ಎಂದು ಹಂಚಿಕೊಳ್ಳಬಹುದು.

ನಮ್ಮ ಕಡೆ ಹಳೆಯ ಲೆನ್ಸಿನ ದೊಡ್ಡ ಶತ್ರು ಫಂಗಸ್. ಕರಾವಳಿ, ಮಲೆನಾಡಿನಲ್ಲಿ ಮಳೆಗಾಲವಿಡೀ ಚರ್ಮದ ಚೀಲದಲ್ಲಿಟ್ಟ ಲೆನ್ಸ್ ಆದರೆ ಅನುಮಾನದಿಂದಲೇ ನೋಡಿ. ಎರಡೂ ಕಡೆಯ ಕ್ಯಾಪ್ ತೆಗೆದು, ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು, ಲೆನ್ಸನ್ನು ಓರೆ ಮಾಡುತ್ತಾ ಮುಂದಿನಿಂದ ನೋಡಬೇಕು. ಜೇಡರ ಬಲೆಯ ಎಳೆಗಳಂತೆ, ಬೇರು ಬಿಟ್ಟಂತೆ ಕಂಡರೆ ಅದು ಫಂಗಸ್. ಗಾಜಿನ ಮೇಲಿನ ಲೇಪನವನ್ನೇ ತಿನ್ನುತ್ತದೆ. ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ. ನಾಲ್ಕಾರು ಧೂಳಿನ ಕಣಗಳಿದ್ದರೆ ಪರವಾಗಿಲ್ಲ, ಫೋಟೊದಲ್ಲಿ ಕಾಣುವುದಿಲ್ಲ.

ಆಮೇಲೆ ನಿಮ್ಮದೇ ಬಾಡಿಗೆ ಹಾಕಿ ನೋಡಿ. ಮಾರುವವರ ಕ್ಯಾಮೆರಾದಲ್ಲಿ ಚೆನ್ನಾಗಿ ಬಂತೆಂಬುದು ಲೆಕ್ಕಕ್ಕಿಲ್ಲ. ಜೂಮ್ ಆದರೆ ಪ್ರತಿ ಫೋಕಲ್ ಲೆಂಗ್ತಿನಲ್ಲೂ ಒಮ್ಮೆ ಅಪರ್ಚರ್ ಪೂರ್ತಿ ತೆರೆದು, ಒಮ್ಮೆ ಎಫ್/11ಕ್ಕೆ ಇಳಿಸಿ ತೆಗೆಯಿರಿ. ಒಳಗಿನ ತೆಳು ಕೇಬಲ್ ಹಾಳಾದ ಲೆನ್ಸ್ ತೆರೆದ ಅಪರ್ಚರ್‌ನಲ್ಲಿ ಸುಮ್ಮನಿದ್ದು, ಇಳಿಸಿದಾಗ ಕ್ಯಾಮೆರಾಕ್ಕೆ ಎರರ್ ಕೊಡುತ್ತದೆ. ಗೋಡೆಗೊಂದು ದಿನಪತ್ರಿಕೆ ಅಂಟಿಸಿ ತೆಗೆದು ನಾಲ್ಕು ಮೂಲೆಗಳನ್ನೂ ದೊಡ್ಡದು ಮಾಡಿ ನೋಡಿ. ಒಂದು ಮೂಲೆ ಮಾತ್ರ ಮಸುಕಾಗಿದ್ದರೆ ಲೆನ್ಸ್ ಎಲ್ಲೋ ಬಿದ್ದಿರಬಹುದು. ಮೂಲ ಬಿಲ್ ಕೇಳಿ, ಸೀರಿಯಲ್ ನಂಬರ್ ತಾಳೆ ನೋಡಿ. ವಾರಂಟಿ ಉಳಿದಿದೆ ಎಂದು ಹೇಳಿ ಹೆಚ್ಚು ಬೆಲೆ ಕೇಳಿದರೆ ಅದು ಭಾರತದ ವಾರಂಟಿಯೋ ಅಲ್ಲವೋ ನೋಡಿಕೊಳ್ಳಿ.

ಮನೆಗೆ ತಂದ ಮೇಲೆ ಚೀಲದಲ್ಲಿ ಇಡಬೇಡಿ. ರಬ್ಬರ್ ಅಂಚಿನ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ತೇವಾಂಶ ತೋರಿಸುವ ಪುಟ್ಟ ಮೀಟರ್ ಒಂದನ್ನು ಜೊತೆಗಿಡಿ. ಅದು ಶೇ 40ರಿಂದ 50ರ ನಡುವೆ ಇದ್ದರೆ ಒಳ್ಳೆಯದು. ನೀಲಿ ಜೆಲ್ ಗುಲಾಬಿಗೆ ತಿರುಗಿದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು, ಅಡುಗೆಯ ಬಾಣಲೆಯಲ್ಲಿ ಮಾತ್ರ ಬೇಡ. ಅಂಗಡಿಯವರು ಹಚ್ಚಿಕೊಡುವ ಅಗ್ಗದ ಯುವಿ ಫಿಲ್ಟರ್‌ಗೆ ಕೊಡುವ ದುಡ್ಡಿನಲ್ಲಿ ಲೆನ್ಸ್ ಹುಡ್ ಕೊಳ್ಳಿ. ಎದುರು ಬಿಸಿಲೂ ತಡೆಯುತ್ತದೆ, ಬಾಗಿಲ ಚೌಕಟ್ಟಿಗೆ ತಾಗಿದಾಗ ಪೆಟ್ಟನ್ನೂ ತಾನೇ ತಿನ್ನುತ್ತದೆ. ಸೆಕೆಂಡ್ ಹ್ಯಾಂಡ್ ಲೆನ್ಸಿನ ಜೊತೆ ಹುಡ್, ಹಿಂದಿನ ಕ್ಯಾಪ್ ಕೊಡದಿದ್ದರೆ ಅದರ ದುಡ್ಡನ್ನು ಕಳೆದೇ ಬೆಲೆ ಮಾತಾಡಿ.